ಕೊಸರು

ಬೆಳಗಿನ ಆರಕ್ಕೆ ಹಾಸನದ ಮಾರ್ಕೆಟ್ಟಿನ ಹಿಂದೆ
ಇದಿನಬ್ಬನ ಟೆಂಪೊ ನಿಲ್ಲುತ್ತದೆ.
ಚಕ್ರದಲ್ಲಿನ್ನೂ ಶಿರಾಡಿ ಘಾಟಿಯ ಕೆಸರು.
ಬಂಗುಡೆ, ಬೂತಾಯಿ, ಒಂದು ಬುಟ್ಟಿ ಸಿಗಡಿ,
ಮತ್ತೆ ಸೀಟಿನ ಕೆಳಗೆ ಒದ್ದೆ ಗೋಣಿ ಸುತ್ತಿದ
ಒಂದು ಹಾರ್ಲಿಕ್ಸ್ ಬಾಟಲಿ ಸಮುದ್ರ.

"ನಿಮ್ಮ ನೀರು ಉಂಟು ಟೀಚರೆ."
ಮೀನು ಆರಿಸುತ್ತಿದ್ದ ಹೆಂಗಸು
ನನ್ನನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡುತ್ತಾಳೆ.
ಇದಕ್ಕೂ ದುಡ್ಡಾ?
ಇಲ್ಲಮ್ಮ, ಇದು ಕೊಸರು.
ಅರ್ಧ ಕೆಜಿ ಬೂತಾಯಿಯ ಮೇಲೆ ಬಂದದ್ದು.

ಕಾಲೇಜಿನ ಲ್ಯಾಬಿನಲ್ಲಿ ಒಂದು ಹನಿ ಗಾಜಿಗೆ ಬಿಟ್ಟು
ಮೇಲೆ ಕಪ್ಪು ಮಸಿ ಸೂಜಿಮೊನೆಯಷ್ಟು.
ಮಸಿ ಹರಡುತ್ತದೆ, ಹರಡಿ
ಒಂದು ಕಡೆ ಸುಮ್ಮನೆ ನಿಲ್ಲುತ್ತದೆ,
ಮನೆಯವರು ಮಲಗಿದ್ದಾರೆಂದು ಹೊಸಿಲಲ್ಲೇ ನಿಂತ ನೆಂಟನ ಹಾಗೆ.
ನಡುವೆ ಮುಚ್ಚಳವಿರುವ ಪುಟ್ಟ ಗಾಜಿನ ಡಬ್ಬಿ,
ಜೀವ ಇರುವ ಡಬ್ಬಿ, ಒಳಗೆ ಜೇನುಬಣ್ಣ.
ಅದಕ್ಕೂ ಮಸಿಗೂ ನಡುವಿನ ಬೆಳ್ಳನೆ ಬಯಲು
ಅದು ತಾನೇ ಹೊರಗೆ ಬಿಟ್ಟ ಅಂಟು.

ಶ್ರವಣಬೆಳಗೊಳದ ಬಸ್ಸಿಗೆ ಬರುವ ಚಾರುಮತಿ
ಒಂದು ಕಣ್ಣು ಮುಚ್ಚಿ ನೋಡುತ್ತಾಳೆ.
"ಬೆವರಾ ಮೇಡಂ?"
ಬೆವರಲ್ಲ. ಅಡಿಗೆ.
ಬಿಸಿಲಲ್ಲಿ ಕೂತು ಬೇಯಿಸಿದ ಸಕ್ಕರೆ.
ಅವಳಜ್ಜಿ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದಂತೆ,
ಸೋಸಿದ ಬಟ್ಟೆಯನ್ನು ಅದೇ ಬಾವಿಯ ನೀರಲ್ಲಿ ಜಾಲಿಸಿ
ಸಿಕ್ಕ ಜೀವಗಳನ್ನು ಊರಿಗೆ ಕಳಿಸುವುದಂತೆ.
"ಇದೂ ಸೋಸಿದರೆ ಸಿಗುತ್ತಾ?"
ಅಂಟು ಸ್ವಲ್ಪ ಸಿಗುತ್ತದೆ. ಕರಗಿದ್ದು ಸಿಗುವುದಿಲ್ಲ ಕಣೆ,
ಅಜ್ಜಿಯ ಬಟ್ಟೆಗೂ, ನಮ್ಮ ಕಾಗದಕ್ಕೂ.

ಆ ಸಿಗದ್ದರ ಮೇಲೆ ಬದುಕಿದೆ ಕಡಲು.
ಹೆಸರಿಲ್ಲದ ಕೋಟಿ ಬಾಯಿಗಳು ಡಬ್ಬಿಯ ಸುತ್ತ ಮುತ್ತುತ್ತವೆ,
ಅವನ್ನು ತಿನ್ನಲು ಕೂದಲಕಾಲಿನವು ಬರುತ್ತವೆ,
ಅವನ್ನು ಸೀಗಡಿಯಂಥ ಸಣ್ಣವು, ಆ ಸಣ್ಣವನ್ನು
ಇವತ್ತು ನನ್ನ ಚೀಲದಲ್ಲಿರುವ ಬೂತಾಯಿ.
ಮಿಕ್ಕ ಅಂಟು ಎಳೆ ಎಳೆಯಾಗಿ ಹೆಣೆದು
ಸತ್ತ ಚಿಪ್ಪು, ಹಿಕ್ಕೆ, ಧೂಳು ಎಲ್ಲ ಕಟ್ಟಿಕೊಂಡು
ಕೆಳಗೆ, ಇನ್ನೂ ಕೆಳಗೆ, ಬಿಸಿಲು ಎಂದರೇನೆಂದು ಕೇಳಿಯೂ ಇರದ
ಕಣ್ಣಿಲ್ಲದವರ ಊಟದ ಹೊತ್ತಿಗೆ
ರವೆಯ ಹಾಗೆ ಉದುರುತ್ತದೆ.
ಒಂದಷ್ಟನ್ನು ತಿನ್ನಲು ಯಾರಿಗೂ ಬರುವುದಿಲ್ಲ.
ಗೊಮ್ಮಟ ಇನ್ನೂ ಬರೀ ಬಂಡೆಯಾಗಿದ್ದಾಗಿನಿಂದ
ಅದು ಹಾಗೇ ನೀರಲ್ಲಿ ಕರಗಿ ನಿಂತಿದೆ.

ಎಂಥ ದಾನ ಮೇಡಂ, ಎಂದಳು ಚಾರುಮತಿ.
ನನಗೂ ಹೂಂ ಅನ್ನಬೇಕೆನ್ನಿಸಿತು.
ಆದರೆ ಪಾಠ ಬೇರೆ ಹೇಳುತ್ತದೆ:
ಬಿಸಿಲು ಹೆಚ್ಚಾಯಿತು, ಬೆಳೆಯಲು ಬೇಕಾದ ಸಾರಜನಕ ಸಾಲದು,
ಬೇಯಿಸಿದ್ದನ್ನು ಇಡಲು ಜಾಗವಿಲ್ಲ,
ತುಳುಕಿತು. ಅಷ್ಟೆ.
ಕೊಟ್ಟವರಿಲ್ಲ ಅಲ್ಲಿ.

ಮರುವಾರ ಇದಿನಬ್ಬನನ್ನೇ ಕೇಳಿದೆ.
ತೂಕ ಆದ ಮೇಲೂ ಎರಡು ಮೀನು ಹಾಕ್ತೀರಲ್ಲ, ಯಾಕೆ?
ತಕ್ಕಡಿ ಒರೆಸುತ್ತ ನಕ್ಕ.
"ಧರ್ಮಕ್ಕೆ ಅಂತ ತಿಳ್ಕೊಂಡ್ರಾ ಮಾರಾಯ್ರೆ?
ಐಸು ಕರಗ್ತದೆ. ಹತ್ತು ಗಂಟೆ ಆದ್ರೆ ಇದನ್ನು ಕೇಳುವವರಿಲ್ಲ."
ಟೆಂಪೊದ ಹಲಗೆ ಸಂದಿಂದ ನೀರು ತೊಟ್ಟಿಕ್ಕುತ್ತಿತ್ತು.
ಅದರ ಜಾಡು ಹಿಡಿದು ಮೂರು ಬೆಕ್ಕು,
ಆಚೆ ಒಂದು ಕಾಗೆ,
ಚರಂಡಿಯಂಚಿನ ಕಲ್ಲಿನ ಮೇಲೆ ಹೊಳೆಯುವ ಹಸಿರು ಪಾಚಿ.
ಯಾರೂ ಇದಿನಬ್ಬನ ಮುಖ ನೋಡುತ್ತಿರಲಿಲ್ಲ.

ಖಾಲಿ ಬಾಟಲಿ ವಾಪಸು ಕೊಟ್ಟೆ.
ಬೆಳಕಿಗೆ ಎತ್ತಿ, ಒಳಗೆ ಬೆರಳು ಹಾಕಿ ನೋಡಿದ.
"ಎಷ್ಟು ತೊಳೆದ್ರೂ ಇದರ ಜಾರು ಹೋಗುದಿಲ್ಲ ನೋಡಿ."
ಬೆರಳನ್ನು ಲುಂಗಿಗೆ ಒರೆಸಿಕೊಂಡು
ಮುಂದಿನವರಿಗೆ ಬಂಗುಡೆ ತೂಗಿದ.