ಲಿಂಡಿಯ ಅಂಚೆಕಟ್ಟೆಯಲ್ಲಿ

ಸೊಮೊಯೆ ನಾಲಿಗೆ ಚಾಚಿ ಒದ್ದೆ ಮಾಡುತ್ತಾಳೆ
ಉದ್ದಕತ್ತಿನ ಆ ಪ್ರಾಣಿಯ ಬೆನ್ನನ್ನು.
ಅಂಟಿಗೆ ಗೇರುಹಣ್ಣಿನ ಒಗರು.

ಹಸಿರು ಬಳಿದಿದ್ದಾರೆ ಅದಕ್ಕೆ. ಕಂಡವರು ಯಾರು?
ತಲೆ ಮೇಲಂಚಿಗೆ ತಾಗಿ
ಬೆಲೆಯ ಅಂಕಿಯನ್ನೇ ಮೇಯುತ್ತಿದೆ.

ಮುತ್ತಜ್ಜ ತೆಂಡಗೂರು ಗುಡ್ಡದಿಂದ
ಇದೇ ಬಂದರಿಗೆ ನಾಲ್ಕು ದಿನ ನಡೆದ,
ಬಿದಿರಿನಲ್ಲಿ ಬಿಗಿದ ತೊಡೆಮೂಳೆಯ ತುಂಡೊಂದನ್ನು
ತಲೆಯ ಮೇಲೆ ಹೊತ್ತು.
ಯಾವ ಪ್ರಾಣಿಯದೆಂದು ಕೇಳಲಿಲ್ಲ,
ಕೇಳಿದ್ದು ಕೂಲಿ ಎಷ್ಟೆಂದು.
ಅಜ್ಜಿ ಹೇಳುತ್ತಿದ್ದಳು: ಸಾಯುವವರೆಗೂ
ಅವನ ನೆತ್ತಿಯಲ್ಲೊಂದು ತಗ್ಗಿತ್ತು,
ಮಳೆಗೆ ನಿಂತರೆ ನೀರು ನಿಲ್ಲುವಷ್ಟು.
ನಂಬಲಿಲ್ಲ ಯಾರೂ. ಸೊಮೊಯೆಯೂ.

ಇವತ್ತು ಬರ್ಲಿನ್ನಿಗೊಂದು ಕಾಗದ.
ಬರೆದವರು ಯಾರೋ, ವಿಷಯ ಏನೋ.
ಮೂಳೆಗಳು ಹಡಗು ಹತ್ತಿ ಹೋದ ಊರಿಗೆ
ಮಾಂಸ ತೊಗಲು ತುಂಬಿಕೊಂಡು
ಕಣ್ಣು ಬಿಟ್ಟುಕೊಂಡು
ಹೊರಟಿದೆ ಈಗ,
ಗೇರಿನ ಎಲೆಗಿಂತ ಹಗುರ.

ಮುದ್ರೆ ಎತ್ತಿದ ಕೈ ಅರೆಗಳಿಗೆ ತಡೆಯಿತು.
ಸಾಲಿನಲ್ಲಿ ಮೀನಿನವನು ಕೆಮ್ಮಿದ.
ಮುಖ ಬಿಟ್ಟು, ಕತ್ತು ಬಿಟ್ಟು,
ಬಾಲದ ತುದಿಗೆ ಒತ್ತಿದಳು
ಊರಿನ ಹೆಸರು, ತಾರೀಕು.