ಇಪ್ಪತ್ತೆರಡು ದಿನದ ಕಲ್ಲು

ಸೂರತ್ತು, ವರಾಛಾ ರಸ್ತೆ, ಮೂರನೇ ಮಹಡಿ.
ನಾಲ್ವರು ಕೂರುವ ಸಾಣೆಗೆ ಈಗ ಇಬ್ಬರೇ.
ಎದುರಿನ ಜಾಗ ಗೋರ್ಧನನದು.
ದೀಪಾವಳಿಗೆಂದು ಮುಚ್ಚಿದ ಕಾರ್ಖಾನೆ
ಉತ್ತರಾಯಣದ ಗಾಳಿಪಟಗಳು ಇಳಿದ ಮೇಲೆ ತೆರೆದಾಗ
ಅವನು ಬರಲಿಲ್ಲ.
ಕಾಪೋದ್ರಾದ ತಿರುವಿನಲ್ಲಿ ಫಾಫಡಾ ಕರಿಯುತ್ತಾನಂತೆ.
ಅವನ ದೀಪ ಮಾತ್ರ ಉರಿಯುತ್ತಲೇ ಇದೆ,
ಎರಡಕ್ಕೂ ಒಂದೇ ಸ್ವಿಚ್ಚು.

ಮೂವತ್ತೊಂದು ವರ್ಷ ನಾನು ಭೂಮಿಯ ಕಲ್ಲು ಉಜ್ಜಿದವನು.
ಪ್ರತಿ ಕಲ್ಲಿಗೂ ಒಂದು ಎಳೆ, ಒಂದು ಹಟ.
ಎಳೆ ಹಿಡಿದು ಹೋದರೆ ಬೆಣ್ಣೆ,
ಎದುರು ಹೋದರೆ ಸಾಣೆಯೇ ಕಿರುಚುತ್ತಿತ್ತು.
ಒಮ್ಮೆ ಒಂದರೊಳಗೆ
ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ:
ಹರಳಿನ ಹೊಟ್ಟೆಯಲ್ಲಿ ಇನ್ನೊಂದು ಹರಳು.
ಶೇಠ್ ಅದನ್ನು ದೋಷವೆಂದು ಬರೆಸಿದ.
ನಾನು ಊಟದ ಡಬ್ಬಿ ಬಿಚ್ಚದೆ
ಅದನ್ನೇ ನೋಡುತ್ತ ಕೂತಿದ್ದೆ.

ಮಗಳು ಧ್ರುವಿಗೆ ಇಚ್ಛಾಪೋರಿನಲ್ಲಿ ರಾತ್ರಿ ಪಾಳಿ.
ಉಕ್ಕಿನ ಹಂಡೆಗಳ ಸಾಲು, ಕಿಂಡಿಯಲ್ಲಿ ನೇರಳೆ ಬೆಳಕು,
ಒಳಗೆ ಉಗುರಿನಷ್ಟು ತೆಳ್ಳನೆಯ ಬೀಜದ ಬಿಲ್ಲೆ,
ಸುತ್ತ ಗ್ಯಾಸು.
ಹೆಪ್ಪು ಹಾಕಿದ ಹಾಗೆ ಅನ್ನುತ್ತಾಳೆ.
ಮೊಸರಿಗೆ ಒಂದು ರಾತ್ರಿ, ಇದಕ್ಕೆ ಇಪ್ಪತ್ತೆರಡು ದಿನ.
ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೂ
ಫಸಲು ಪೂರಾ ಹಾಳು,
ಅದಕ್ಕೇ ಬಾಣಂತಿ ಕೋಣೆ ಕಾದಂತೆ ಕಾಯುತ್ತಾಳೆ.
ಬೆಳಿಗ್ಗೆ ಮನೆಗೆ ಬಂದಾಗ
ಅವಳ ಕಣ್ಣಿನಡಿಯೂ ನೇರಳೆ.

ಹೋದ ವರ್ಷದಿಂದ ನನ್ನ ಸಾಣೆಗೂ ಅಂಥ ಕಲ್ಲೇ.
ಯಾರೂ ಹೇಳಲಿಲ್ಲ. ಪುಡಿಕೆಯ ಕಾಗದ ಬದಲಾಯಿತು,
ಕೂಲಿ ಅರ್ಧವಾಯಿತು, ನಾವೇ ತಿಳಿದುಕೊಂಡೆವು.
ಕೈಗೆ ಗೊತ್ತಾಗುತ್ತದೆ ಎಂದು ಬಡಾಯಿ ಕೊಚ್ಚಿದ್ದೆ.
ಗೋರ್ಧನ ಎರಡು ಕಲ್ಲು ಕಲೆಸಿ ಕೊಟ್ಟ. ಸೋತೆ.
ಮತ್ತೆ ಕೊಟ್ಟ. ಸೋತೆ.
ಚಹಾ ಕುಡಿಸಿದೆ.

ಈಗ ಧ್ರುವಿಯ ಮದುವೆ.
ಓವರ್‌ಟೈಮಿನ ದುಡ್ಡಲ್ಲಿ ಕಿವಿಗೆಂದು
ತಾನು ಕಾದ ಹಂಡೆಯ ಎರಡು ಕಲ್ಲು ಕೊಂಡು ತಂದಳು.
ಎರಡೂ ಸೇರಿ
ಅವಳಮ್ಮನ ಬೆಳ್ಳಿ ಕಾಲ್ಗಡಗಕ್ಕಿಂತ ಅಗ್ಗ.

ಜಶು ಮುಟ್ಟಲೂ ಇಲ್ಲ.
"ಗಿರವಿ ಅಂಗಡಿಯವನು ಇದಕ್ಕೆಷ್ಟು ಕೊಡ್ತಾನೆ?"
"ಏನೂ ಕೊಡೋದಿಲ್ಲ, ಮಮ್ಮಿ."
"ಮತ್ತೆ ಒಡವೆ ಅಂತ ಯಾಕೆ ಅನ್ನಬೇಕು?"

ಜಶುವಿನ ಲೆಕ್ಕ ಬೇರೆ.
ಅವಳ ಬಳೆಗಳು ಮೂರು ಸಲ ಆ ಅಂಗಡಿಯ ಕಪಾಟು ಕಂಡಿವೆ:
ಧಂದೆ ಬಿದ್ದಾಗ, ನನ್ನ ಎದೆನೋವಿಗೆ,
ಇದೇ ಧ್ರುವಿಯ ಕಾಲೇಜಿಗೆ.
ಬಂಗಾರವೆಂದರೆ ಅವಳಿಗೆ ಮೈಮೇಲಿನ ಕಣಜ.

"ಅಡವಿಡೋಕಲ್ಲ, ಇಟ್ಟುಕೊಳ್ಳೋಕೆ.
ಬಸ್ಸಿನಲ್ಲೂ ಹಾಕಿಕೊಂಡು ಹೋಗ್ತೀನಿ.
ಕಳೆದರೆ ಇನ್ನೊಂದು ಬೆಳೆದರಾಯಿತು."

ಕಳೆದರೆ ಬೆಳೆದುಕೊಳ್ಳುವ ವಜ್ರ!
ಒಂದು ಚೂರು ಸಿಡಿದುಬಿದ್ದಿತೆಂದು
ನಲವತ್ತು ಜನ ಅಂಗಿ ಕೊಡವಿ, ನೆಲ ಗುಡಿಸಿ,
ಧೂಳನ್ನು ಜರಡಿ ಹಿಡಿದು
ನಡುರಾತ್ರಿ ಮನೆಗೆ ಹೋದ ದಿನಗಳು ನನ್ನವು.
ನಗು ಬಂತು. ಆಮೇಲೆ, ಯಾಕೋ, ಸ್ವಲ್ಪ ಹೊಟ್ಟೆಕಿಚ್ಚು.

ಭಾನುವಾರ ಶೇಠನನ್ನು ಕೇಳಿ
ಎರಡನ್ನೂ ನಾನೇ ಸಾಣೆಗೆ ಹಿಡಿದೆ.
ಒಂದೊಂದಕ್ಕೆ ಐವತ್ತೇಳು ಮುಖ.
ಎರಡನೆಯದಕ್ಕೆ, ಸೊಂಟದ ಪಟ್ಟಿಯ ಕೆಳಗೆ,
ಕಿವಿಗೆ ಕೂತರೆ ಯಾರಿಗೂ ಕಾಣದ ಕಡೆ
ಇನ್ನೊಂದು ಇಟ್ಟೆ, ನುಚ್ಚಿನ ಕಾಳಿನಷ್ಟೂ ಇಲ್ಲ.
ಮಚ್ಚೆಯಿಲ್ಲದೆ ಹುಟ್ಟಿದ ಕೂಸಿಗೆ
ಕಾಡಿಗೆಯ ಬೊಟ್ಟು.

ಧ್ರುವಿ ಲೂಪು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.
ನನ್ನ ಮಗಳಲ್ಲವೆ, ಸಿಕ್ಕಿತು.
"ಒಂದು ಹೆಚ್ಚಿದೆ ಪಪ್ಪಾ. ಕೈ ತಪ್ಪಿತಾ?"
ಹೂಂ ಎಂದೆ.

ಒಳಗಿನಿಂದ, ರೊಟ್ಲಾ ತಟ್ಟುತ್ತಲೇ, ಜಶು:
"ತಪ್ಪಿದ್ದಕ್ಕೆ ಎಷ್ಟು ಕಡಿಮೆ ಮಾಡ್ತಾರೆ?"