ಬಾಯಿ ತೆರದು ತೋರ್ಸು

ಮೊದಲನೇ ಕಾಲೇಜು ಕಲಬುರಗಿ ಸೇಡಂ ರೋಡಿಗದ.
ಗಾಜಿನ ಬಾಗಿಲು ತಾನೇ ಸರೀತದ,
ಅರ್ಜಿ ಫಾರ್ಮಿನ ಕೂಡ ಒಂದು ಪೆನ್ ಪುಕ್ಕಟ.
ಟೈ ಹಾಕ್ಕೊಂಡ ಹುಡುಗ ಅಂದ:
"ನೂರಕ್ಕ ನೂರು ಮಂದಿಗಿ ನೌಕರಿ ಅಕ್ಕಾರ, ದುಬೈ, ಮಸ್ಕತ್."
ನಾ ಕೇಳ್ದೆ: ಇಲ್ಲಿ ಕಲಿಯೋರು ತಿಂಗಳಿಗಿ ಎಷ್ಟು ಮಂದೀನ ಮಲಗಿಸ್ತಾರ,
ಎಷ್ಟು ಮಂದೀನ ಎಬ್ಬಿಸ್ತಾರ?
ಅಂವ ಬಣ್ಣದ ಹಾಳಿ ತಿರುವಿ ತಿರುವಿ ನೋಡ್ದ.
ಆ ಲೆಕ್ಕ ಅದರಾಗ ಅಚ್ಚಾಗಿರಲಿಲ್ಲ.

ಲ್ಯಾಬಿನಾಗ ಒಂದು ಪ್ಲಾಸ್ಟಿಕ್ ಗೊಂಬಿ ಮಲಗಿತ್ತು.
ಉಸಿರಿನ ದಾರಿ ಕಲಿಸೋ ಗೊಂಬಿ.
ಅದರ ಬಾಯಿಗಿ ಕಂಪನಿ ಹಚ್ಚಿದ ಟೇಪು
ಇನ್ನೂ ಯಾರೂ ಬಿಚ್ಚಿರಲಿಲ್ಲ.

ಹನ್ನೊಂದು ವರ್ಷ ಹೆರಿಗಿ ವಾರ್ಡಿನಾಗ ನಿಂತ ಕಾಲು ಇವು.
ಒಂದು ರಾತ್ರಿ, ಮೂರು ಗಂಟಿ ಸುಮಾರು,
ಅರಿವಳಿಕಿ ಡಾಕ್ಟರು ಹುಮನಾಬಾದಿನಿಂದ ಬರೂ ತನಕ
ಒಬ್ಬಾಕೀ ಕೈ ಹಿಡಕೊಂಡು ಗಡಿಯಾರ ನೋಡಿದ್ದೆ.
ಕತ್ತರಿ ಇತ್ತು, ಕತ್ತರಿಸೋರಿದ್ರು,
ನಿದ್ದಿ ಕೊಡೋರಿಲ್ಲ.
ಮುಂದಿನದು ಹೇಳಂಗಿಲ್ಲ.
ಈ ವಯಸ್ಸಿನಾಗ ಯಾಕ ಓದು ಅಂತ
ನಮ್ಮ ಮನ್ಯಾಗ ಕೇಳ್ತಾರ,
ಅವರಿಗೂ ಹೇಳಿಲ್ಲ.

ನಮ್ಮ ಕಸಬಿನಾಗ ಮೊದಲ ಪರೀಕ್ಷಾ ಏನು?
ಬಾಯಿ ತೆರದು ತೋರ್ಸು ಅಂತೀವಿ.
ಎಷ್ಟು ಬೆರಳು ಒಳಗ ಹೋಗ್ತಾವ,
ಯಾವ ಹಲ್ಲು ಸಡ್ಲ ಅದ, ಕುತ್ತಿಗಿ ಎಷ್ಟು ಬಾಗ್ತದ.
ಚೆಂದ ಮಾರಿ ಇದ್ದೋರದೇ
ಕೆಲವೊಮ್ಮೆ ದಾರಿ ಬಲು ಬಿಗಿ.
ನಾ ಕಾಲೇಜುಗಳಿಗೂ ಹಂಗೇ ಅಂದೆ.

ಬೀದರದಾಗ ಕೆಂಪು ಕಲ್ಲಿನ ಹಳೇ ದವಾಖಾನಿ.
ಸಡ್ಲ ಹಲ್ಲು ಅಲ್ಲೂ ಇದ್ದವು:
ಹೋದ ವರ್ಷದ ಪರೀಕ್ಷಾ ನಾಕು ತಿಂಗಳು ತಡ,
ಹಾಸ್ಟೇಲಿಗಿ ದಿನ ಬಿಟ್ಟು ದಿನ ನೀರು,
ಲೈಬ್ರರಿ ಕೀಲಿ ಯಾರ ಹತ್ರ ಅದ ಅಂತ ಯಾರಿಗೂ ಗೊತ್ತಿಲ್ಲ.
ಗೇಟಿನ ಚಹಾದಂಗಡಿ ಮಸ್ತಾನ್ ಸಾಬ್ ಹೇಳ್ದ:
"ಈ ಹುಡುಗೂರು ಚಹಾ ಆರಿಸಿ ಕುಡೀತಾರ ಬಾಯಿ,
ಅರ್ಧ ಕುಡಿಯೂದ್ರಾಗ ಒಳಗಿಂದ ಕರೀ ಬರ್ತದ."
ಇದನ್ನ ನಾ ವಹಿಯಾಗ ಬರಕೊಂಡೆ.

ಎರಡನೇ ವರ್ಷದ ಕಸ್ತೂರಿಗಿ ಕೇಳ್ದೆ, ನೀ ಎಷ್ಟು ನಳಿಗಿ ಹಾಕೀದಿ?
"ನಲವತ್ತಾರು. ಎರಡು ಹೊಟ್ಟೀಗಿ ಹೋಗಿದ್ವು,
ಮೇಡಂ ಹಿಂದೇ ಇದ್ರು, ತೆಗಸಿದ್ರು."
ಸೋತ ಲೆಕ್ಕ ಹೇಳೋ ಹುಡುಗಿ!
ಗಾಜಿನ ಬಾಗಿಲಿನಾಗ ಇಂಥಾಕಿ ಒಬ್ಬಾಕಿ ಸಿಕ್ಕಿರಲಿಲ್ಲ.

ನಂಗೂ ಒಂದು ಟೊಪ್ಪಿಗಿ, ಮಾಸ್ಕು ಕೊಟ್ಟು ಒಳಗ ಕರಕೊಂಡ್ರು.
ಟೇಬಲ್ ಮ್ಯಾಲ ತಾಂಡಾದ ಚಾಂದಿಬಾಯಿ,
ಬಾವು ಬಂದ ಪಿತ್ತಕೋಶ, ಕಣ್ತುಂಬ ಅಂಜಿಕಿ.
ಝುಲೇಖಾ ಮೇಡಂ ಆಕೀ ಹಣಿ ಮ್ಯಾಲ ಕೈ ಇಟ್ಟು,
ಕನ್ನಡ ಬ್ಯಾಡ, ಉರ್ದು ಬ್ಯಾಡ,
ನಿನ್ನ ಮಾತಿನಾಗೇ ಎಣಿಸು ಅಂದ್ರು.
ಏಕ್. ದಿ. ತೀನ್.
ಚಾರ್ ಅರ್ಧಕ್ಕ ನಿಂತಿತು.

ನಡುವ ಕರೆಂಟು ಹೋಯ್ತು.
ಜನರೇಟರ್ ಕೆಮ್ಮಿ ಏಳೂ ತನಕ
ಕತ್ತಲದಾಗ ಒಂದೇ ಸಪ್ಪಳ,
ಕಸ್ತೂರಿ ಕೈಯಾಗಿನ ಚೀಲ
ಹಿಂಡಿ, ಬಿಟ್ಟು, ಹಿಂಡಿ, ಬಿಟ್ಟು.
ಮೇಡಂ ಒಂದು ಮಾತಾಡಲಿಲ್ಲ. ಎರಡು ಬೆರಳು ನಾಡಿ ಮ್ಯಾಲ.
ನಾ ನನ್ನ ಉಸಿರು ಮರತಿದ್ದೆ.

ಎಚ್ಚರಾದ ಚಾಂದಿಬಾಯಿ
ಐದು ಅನಲಿಲ್ಲ, ಶಿವಾ ಅನಲಿಲ್ಲ,
"ನನ್ನ ಬಳಿ ಎಲ್ಲಿ?" ಅಂದಳು, ಸಿಟ್ಟಿನಿಂದ.
ಮೇಡಂ ತಮ್ಮ ಕಿಸೆದಾಗಿಂದ ಕರಚೀಫು ಬಿಚ್ಚಿ
ಒಂದೊಂದೇ ಎಣಿಸಿ ಕೊಟ್ರು.
ಹನ್ನೆರಡು.

ವಾಪಸ್ ಬಸ್ಸಿನಾಗ ಫಾರ್ಮ್ ತುಂಬ್ತಾ ಕುಂತೆ,
ಪುಕ್ಕಟ ಸಿಕ್ಕ ಪೆನ್ನಿನಿಂದಲೇ.
ಹೆಸರು: ಪ್ರಿಸಿಲ್ಲಾ ದೇವಪ್ಪ. ವಯಸ್ಸು ಮೂವತ್ತಾರು.
ಈ ಕಾಲೇಜು ಯಾಕ ಆರಿಸಿದ್ರಿ, ಅಂತ ಕೊನೀಗೊಂದು ಸಾಲು.
ಕಮಲಾಪುರ ದಾಟಿತು.
ರಸ್ತೆ ಭಾಳ ಕುಲುಕ್ತಿತ್ತು,
ಅಕ್ಷರ ಸೊಟ್ಟ ಬಂದವು:
ಬಳಿ ಎಣಿಸಿ ಕೊಡ್ತಾರ.